ಧ್ರುವಗಳ ಮೇಲೆ ಆಕ್ಸಿಜನ್ ಪಾಲು ಇಳಿಯುವುದು ಯಾಕೆ? ಸಹಾಯ ಬೇಕು

ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಸುಮಾರು 100 ಕಿ.ಮೀ. ದಾಟಿದ ಮೇಲೆ ಗಾಳಿ ಸರಿಯಾಗಿ ಬೆರೆಯುವುದಿಲ್ಲ. ಭಾರದ ನೈಟ್ರೋಜನ್ ಅಣುಗಳು ಕೆಳಗೇ ಜಾಸ್ತಿ, ಮೇಲೆ ಹೋದಂತೆ ಹಗುರವಾದ ಆಕ್ಸಿಜನ್ ಪರಮಾಣುಗಳು. ಇಲ್ಲಿವರೆಗೆ ಅರ್ಥವಾಗಿದೆ.

ಧ್ರುವದ ಹತ್ತಿರ ಭೂಮಿಯ ಕಾಂತಕ್ಷೇತ್ರದ ಗೆರೆಗಳು ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತವೆ. ಎಲೆಕ್ಟ್ರಾನುಗಳು ಅದೇ ದಾರಿ ಹಿಡಿದು ಬಂದು ಗಾಳಿಗೆ ಬಡಿಯುತ್ತವೆ. ಧ್ರುವದ ಆಕಾಶದಲ್ಲಿ ಕಾಣುವ ಆ ಚೆಂದದ ಹಸಿರು ಬೆಳಕೂ (ಅರೋರಾ) ಅದರಿಂದಲೇ. ಸೌರ ಬಿರುಗಾಳಿ ಬಂದಾಗ ಅಲ್ಲಿ ಮೇಲಿನ ಗಾಳಿಯಲ್ಲಿ ನೈಟ್ರೋಜನ್‌ಗೆ ಹೋಲಿಸಿದರೆ ಆಕ್ಸಿಜನ್ ಪಾಲು ಇಳಿಯುತ್ತದೆ.

ಗೊಂದಲ ಇಲ್ಲೇ. ಆಗ ಆ ಎತ್ತರದಲ್ಲಿ ಹರಿಯುವ ವಿದ್ಯುತ್ ಪ್ರವಾಹದಿಂದ ಗಾಳಿ ಕಾದು, ಕೆಳಗಿನ ನೈಟ್ರೋಜನ್ ಮೇಲೇರುತ್ತದೆ ಅಂತ ಒಂದು ಕಡೆ ಓದಿದೆ. ಎಲೆಕ್ಟ್ರಾನುಗಳು ನೈಟ್ರೋಜನ್ ಅಣು ಒಡೆದು, ಅದರಿಂದ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ ಅಂತ ಇನ್ನೊಂದು ಕಡೆ. ಎರಡೂ ನಿಜ ಅಲ್ವಾ? ಹಾಗಾದರೆ ಆಕ್ಸಿಜನ್ ಪಾಲು ಇಳಿಯಲು ಮುಖ್ಯ ಕಾರಣ ಯಾವುದು, ಗಾಳಿ ಮೇಲೇರುವುದಾ, ರಾಸಾಯನಿಕ ಕ್ರಿಯೆಯಾ?