ಮುತ್ಯಾನ ಪೇಟಿ ಯಾರ ಮನ್ಯಾಗದ?

ಗುಂಪು: ನಮ್ಮ ಮನಿ ಮಂದಿ, ಕಲಬುರಗಿ

ದೊಡ್ಡಪ್ಪ: (ಫಾರ್ವರ್ಡ್) ನಿಮಗೆ ಗೊತ್ತೇ?? ದಿಲ್ಲಿಯ ಸಂಗೀತ ನಾಟಕ ಅಕಾಡೆಮಿಯವರು ಹಾರ್ಮೋನಿಯಂ ವಿದೇಶಿ ವಾದ್ಯ ಎಂದು 30 ವರ್ಷ ದೇಶದಲ್ಲೆಲ್ಲ ನಿಷೇಧಿಸಿದ್ದರು!! ಎಲ್ಲ ಗುಂಪುಗಳಿಗೂ ಕಳಿಸಿ

ದೊಡ್ಡಪ್ಪ: ನೋಡ್ರಿ ಹೆಂಗ ಮಾಡ್ಯಾರ. ನಮ್ಮಪ್ಪ ಜೀವ ಇರೋತನಕ ಹಾರ್ಮೋನಿಯಂ ಪೇಟಿ ಬಾರಿಸ್ದಾಂವ

ಅಣ್ಣ ಪುಣೆ: ದೊಡ್ಡಪ್ಪಾ ಇದು ಎಲ್ಲಿಂದ ಬಂತ್ರಿ? ಅಕಾಡೆಮಿ ಉದ್ಘಾಟನೆ ಆಗಿದ್ದೇ 1953 ಜನವರಿ 28ಕ್ಕ, ರಾಜೇಂದ್ರ ಪ್ರಸಾದ್ ಮಾಡಿದ್ರು. ಪೇಟಿ ಬಂದ್ ಆಗಿದ್ದು 1940 ಮಾರ್ಚ್‌ದಾಗ, ಬಂದ್ ಮಾಡ್ದಾವ್ರು ಆಲ್ ಇಂಡಿಯಾ ರೇಡಿಯೋದವ್ರು, ಆಗ ಅದರ ಮುಖ್ಯಸ್ಥ ಲಿಯೋನೆಲ್ ಫೀಲ್ಡನ್ ಅಂತ ಇಂಗ್ರೇಜ. ಹುಟ್ಟಲಾರದ ಅಕಾಡೆಮಿ ಹೆಂಗ ನಿಷೇಧ ಮಾಡ್ತದ್ರಿ? ಅದೂ ರೇಡಿಯೋದಾಗ ಅಷ್ಟೇ, ಮನ್ಯಾಗ ಗುಡ್ಯಾಗ ಯಾರೂ ಬ್ಯಾಡ ಅಂದಿಲ್ಲ. ಡಿಲೀಟ್ ಮಾಡ್ರಿ

ದೊಡ್ಡಪ್ಪ: ಈಗಾಗಲೇ ಮೂರು ಗುಂಪಿಗೆ ಕಳಿಸೀನಿ. ಹಿರೇರು ಏನರ ಹಾಕಿದ್ರ ಮೊದಲ ನಮಸ್ಕಾರ ಅನಬೇಕು. ವರ್ಷಕ್ಕೊಮ್ಮೆ ಜಾತ್ರಿಗೂ ಬರಲ್ಲ, ಪುಣಾದಾಗ ಕುಂತು ನಮಗ ಕಲಸ್ತಾನ

ಅತ್ತಿ ಸೇಡಂ: ಅಪ್ಪ ಶ್ರಾವಣದಾಗ ಕಡಕೋಳ ಮಡಿವಾಳಪ್ಪನ ತತ್ವಪದ ಶುರು ಮಾಡಿದ್ರ ಓಣಿ ಮಂದಿ ಎಲ್ಲಾ ಕಟ್ಟಿ ಮ್ಯಾಲ ಕೂಡ್ತಿದ್ರು, ಅಪ್ಪನ ಶ್ರುತಿ ಪೇಟಿದು ಕರಿ ಎರಡು, ಅಷ್ಟು ಏರಿಸಿ ಯಾರೂ ಹಾಡ್ತಿರ್ಲಿಲ್ಲ, ಪೇಟಿದು ಒಂದು ಸುರ ಸಿಕ್ಕೊಂಡು ಕುಂಯ್ ಅಂತಿತ್ತು, ಅಪ್ಪ ಹಾಡ್ತಾ ಹಾಡ್ತಾನೇ ಬೆರಳಿಂದ ಎತ್ತಿ ಬಿಡ್ತಿದ್ದ. ಇವತ್ತಿಗೂ ಕಿವ್ಯಾಗದ

ಸಣ್ಣ ಕಾಕಾ: ಅಕ್ಕಾ ಆ ಪೇಟಿ ಈಗ ಎಲ್ಲದ ಕೇಳು. ಮನಿ ಹಿಸ್ಸಾ ಆದಾಗ ರಿಪೇರಿಗಿ ಒಯ್ತೀನಿ ಅಂತ ಯಾರು ಒಯ್ದ್ರು?

ದೊಡ್ಡಪ್ಪ: ಮಾತು ಅಕಾಡೆಮಿದು ನಡದದ. ಮನಿ ಮಾತು ಇಲ್ಲಿ ಬ್ಯಾಡ

ಸಣ್ಣ ಕಾಕಾ: ಪೇಟಿ ಮಾತು ತಗದಾಂವ ನೀನೇ

ನಾನು: ಕಾಕಾ ಒಂದು ನಿಮಿಷ. ರೇಡಿಯೋದವ್ರಿಗೂ ಅವರದೇ ಕಾರಣ ಇತ್ತು, ಪೇಟಿದಾಗ ಬೆರಳಿಂದ ಒತ್ತೋ ಮನಿ ಒಂದೊಂದಕ್ಕ ಒಂದೇ ಸುರ ಗಟ್ಟಿ ಇರ್ತದ, ಒಂದು ಸುರದಿಂದ ಇನ್ನೊಂದಕ್ಕ ಜಾರಿ ಹೋಗೋ ಮೀಂಡ್ ಅದರಾಗ ಬರಲ್ಲ, ಟ್ಯಾಗೋರರಿಗೂ ಪೇಟಿ ಸೇರ್ತಿರ್ಲಿಲ್ಲ. 1971ರಾಗ ಹಾಡೋರ ಸಾಥಿಗಿ ಅಂತ ರೇಡಿಯೋದಾಗ ಮತ್ತ ಒಳಗ ಬಿಟ್ರು. ಅಕಾಡೆಮಿ ಕೆಲಸ ಬ್ಯಾರೆ, ಪ್ರಶಸ್ತಿ ಕೊಡೋದು, ಹಳೆ ಕಲಾವಿದರ ಹಾಡು ಕುಣಿತ ರೆಕಾರ್ಡ್ ಮಾಡಿ ಜತನ ಮಾಡೋದು. ಅದೇ 1971ರಾಗ ಮಲ್ಲಿಕಾರ್ಜುನ ಮನ್ಸೂರರಿಗಿ ಪ್ರಶಸ್ತಿ ಕೊಟ್ಟಾರ, 1973ರಾಗ ಗಂಗೂಬಾಯಿ ಹಾನಗಲ್‌ರಿಗಿ. ಇಬ್ಬರ ಬೈಠಕ್‌ದಾಗೂ ಬಾಜೂಕ ಪೇಟಿ ಇರ್ತಿತ್ತು. ಅಂಥಾ ಸಂಸ್ಥಾದ ಮ್ಯಾಲ ಸುಳ್ಳು ಹಬ್ಬಿಸೋದು ನನಗ ಭಾಳ ಸಂಕಟ ಆಗ್ತದ್ರಿ. ಮುತ್ಯಾನ ಒಂದು ಪದ ಸೈತ ನಾವು ರೆಕಾರ್ಡ್ ಮಾಡಿ ಇಟ್ಟಿಲ್ಲ, ಅತ್ತಿಗಿ ಅಷ್ಟೇ ಬರ್ತಾವ. ಅತ್ತಿ ನೀ ಹಾಡಿ ವಾಯ್ಸ್ ಹಾಕು

ಅತ್ತಿ ಸೇಡಂ: ಪೇಟಿ ಇಲ್ಲದ ಹೆಂಗ ಹಾಡ್ಲವ್ವಾ

ಸಣ್ಣ ಕಾಕಾ: ಕೇಳಿದ್ಯಾ ಅಣ್ಣಾ?

ದೊಡ್ಡಪ್ಪ: ಅಟ್ಟದ ಮ್ಯಾಲದ. ಇಲಿ ತಿದಿ ಕಡದಾವ

ಸಣ್ಣ ಕಾಕಾ: ರವಿವಾರ ಬರ್ತೀನಿ, ಇಳಿಸಿ ಇಡು

ದೊಡ್ಡಪ್ಪ: ಬಾ, ಊಟ ಮಾಡಿ ಹೋಗು. ಪೇಟಿ ಕೇಳಬ್ಯಾಡ