ಓದುಗರ ಸ್ಪಂದನ: ಗೆಳೆಯನ ಸಾವಿನ ಕಾರಣ ಹುಡುಕುತ್ತಿರುವವರಿಗೆ

ಸಮಸ್ಯೆ ಬರೆದವರು ವಿಜಯಪುರದ ಮಾಜಿ ಪತ್ರಕರ್ತರು. ಮುಳುಗಡೆ ಪರಿಹಾರ ಪಡೆದ ಬೋಗಸ್ ಫಲಾನುಭವಿಗಳ ಬಗ್ಗೆ ಮಾಹಿತಿ ಹಕ್ಕಿನಡಿ ಕಾಗದಪತ್ರ ಕೂಡಿಸುತ್ತಿದ್ದ ಅವರ ಗೆಳೆಯ ಏಳು ತಿಂಗಳ ಹಿಂದೆ ಕಾಲುವೆಯಲ್ಲಿ ಶವವಾಗಿ ಸಿಕ್ಕರು. ಕಾಲು ಜಾರಿ ಬಿದ್ದ ಸಾವೆಂದು ಪ್ರಕರಣ ಮುಗಿಯಿತು. ಇದು ರಾಜಕೀಯ ಪಿತೂರಿಯೆಂದು ನಂಬಿರುವ ಅವರು, ಕೈಯಲ್ಲಿ ಪತ್ರಿಕೆಯಿಲ್ಲದ ತಾವು ಮುಂದೇನು ಮಾಡಬೇಕೆಂದು ಕೇಳಿದ್ದರು.

ಮಾನ್ಯರೇ,

ನಾನು ಮೂವತ್ತು ವರ್ಷ ವಕೀಲಿ ಮಾಡಿದವನು. ನಿಮ್ಮ ಪತ್ರದ ಬಹುಪಾಲು ಯಾರು ಮಾಡಿಸಿರಬಹುದು ಎಂಬುದಕ್ಕೇ ಮೀಸಲಾಗಿದೆ. ಹೇಗೆ ಸತ್ತರು ಎಂಬುದಕ್ಕೆ ಎರಡೇ ಸಾಲು ಸಿಕ್ಕಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎರಡು ಸಾಲುಗಳು. ಕನ್ನಡಕವಿಲ್ಲದೆ ಹೊಸ್ತಿಲನ್ನೂ ತಡವರಿಸಿ ದಾಟುತ್ತಿದ್ದ ಮನುಷ್ಯನ ಕನ್ನಡಕ ಮಡಚಿದ ಸ್ಥಿತಿಯಲ್ಲಿ, ಗುಂಡಿ ಹಾಕಿದ ಕಿಸೆಯೊಳಗೆ ಸಿಕ್ಕಿತು ಎಂದಿದ್ದೀರಿ. ಕತ್ತಲಲ್ಲಿ ಕಾಲುವೆಯ ಏರಿಯ ಮೇಲೆ ನಡೆಯುವವರು ಕನ್ನಡಕ ತೆಗೆದಿಡುವುದಿಲ್ಲ, ನಿಜ. ಆದರೆ ತಾವಾಗಿಯೇ ನೀರಿಗಿಳಿಯುವವರು ತೆಗೆದಿಡಬಹುದು. ಆ ಉತ್ತರವೂ ಬರಬಹುದೆಂಬ ಸಿದ್ಧತೆ ನಿಮಗಿರಲಿ.

ಮೊದಲು ಶವ ಪಂಚನಾಮೆ, ಮರಣೋತ್ತರ ಪರೀಕ್ಷಾ ವರದಿ ಮತ್ತು ಅಂತಿಮ ವರದಿಯ ದೃಢೀಕೃತ ಪ್ರತಿಗಳನ್ನು ಮೃತರ ಪತ್ನಿಯ ಹೆಸರಿನಲ್ಲಿಯೇ ಕೇಳಿ. ತನಿಖೆಗೆ ತೊಡಕಾಗುತ್ತದೆಂದು ಮಾಹಿತಿ ನಿರಾಕರಿಸಲು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅವಕಾಶವಿದ್ದರೂ, ಸಾಮಾನ್ಯವಾಗಿ ಮುಗಿದುಹೋದ ತನಿಖೆಗೆ ಆ ನೆಪ ನಿಲ್ಲುವುದಿಲ್ಲ. ಪಂಚನಾಮೆಯಲ್ಲಿ ಕನ್ನಡಕದ ಉಲ್ಲೇಖವಿದೆಯೇ ನೋಡಿ. ಮೂಳೆಯ ಮಜ್ಜೆಯಲ್ಲಿ ಡಯಾಟಮ್ ಪರೀಕ್ಷೆ ನಡೆದಿದೆಯೇ ನೋಡಿ: ಜೀವವಿರುವಾಗ ಮುಳುಗಿ ಉಸಿರಿನೊಂದಿಗೆ ನೀರು ಎಳೆದುಕೊಂಡವರಲ್ಲಿ ನೀರಿನಲ್ಲಿರುವ ಈ ಸೂಕ್ಷ್ಮ ಪಾಚಿಗಳು ರಕ್ತದ ಮೂಲಕ ಮಜ್ಜೆಯವರೆಗೂ ಹೋಗಬಹುದು, ಸತ್ತ ಮೇಲೆ ನೀರಿಗೆ ಹಾಕಿದ ದೇಹದಲ್ಲಿ ಸಾಮಾನ್ಯವಾಗಿ ಹೋಗುವುದಿಲ್ಲ. ಸಂಶಯಕ್ಕೆ ಆಧಾರ ಸಿಕ್ಕರೆ ಠಾಣೆಗೆ ಲಿಖಿತ ದೂರು ಕೊಡಿಸಿ. ಅಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳಿಸಿ. ಅದಕ್ಕೂ ಫಲವಿಲ್ಲದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 175(3)ನೇ ಕಲಮಿನಡಿ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಫೋನ್ ಕರೆಗಳ ವಿವರವನ್ನು ಪರಿಚಯದವರ ಮೂಲಕ ತೆಗೆಸುವ ಯೋಚನೆ ಬೇಡ. ನಿಮ್ಮ ಕಾಲದಲ್ಲಿ ಅದು ನಡೆದಿರಬಹುದು, ಈಗ ನಿಮ್ಮ ಮೇಲೆಯೇ ಪ್ರಕರಣವಾಗುತ್ತದೆ.

— ಹಿರಿಯ ವಕೀಲರು, ಬೆಳಗಾವಿ

ಗೆಳೆಯರೇ,

ನಾನೂ ಜಿಲ್ಲಾ ಪತ್ರಿಕೆಯಲ್ಲಿ ದುಡಿದು ಬಿಟ್ಟವನು. ಒಂದು ಸಾವಿನ ಬಗ್ಗೆ ಪಿತೂರಿಯ ಸುದ್ದಿಯನ್ನು ಮೊದಲು ಬರೆದು, ಸಾವಿನ ಕಾಗದವನ್ನು ಆಮೇಲೆ ಓದಿದೆ. ಹೆಸರು ಹೇಳಿದ್ದ ವ್ಯಕ್ತಿ ಮರುವಾರವೇ ಮಾತು ತಿರುಗಿಸಿದ. ನಿಜವಿದ್ದ ಭಾಗವನ್ನೂ ಅನಂತರ ಯಾರೂ ನಂಬಲಿಲ್ಲ. ಆ ಮನೆಯವರ ಎದುರು ನಿಲ್ಲಲು ನನಗೆ ಇಂದಿಗೂ ಆಗುವುದಿಲ್ಲ.

ಸಿಂದಗಿ ತಾಲ್ಲೂಕಿನ ಮೂಲದ ಎಂ.ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಗುಂಡಿಗೆ ಬಲಿಯಾದಾಗ ನಮ್ಮ ಕಡೆ ಚಹಾದಂಗಡಿಗೊಂದು ಕತೆ ಹುಟ್ಟಿತ್ತು. ಪ್ರಕರಣ ಮುಂದೆ ಸರಿದದ್ದು ಆ ಕತೆಗಳಿಂದಲ್ಲ; 2017ರಲ್ಲಿ ಗೌರಿ ಲಂಕೇಶ್ ಹತ್ಯೆಯಾದ ಮೇಲೆ ಎರಡೂ ಕಡೆಯ ಗುಂಡು, ತೋಟಾಗಳ ಗುರುತು ಹೋಲಿಸಿದ ವಿಧಿವಿಜ್ಞಾನ ವರದಿಯಿಂದ, ಮತ್ತು ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿಗೆ ಹೋದ ಬಳಿಕ 2019ರಲ್ಲಿ ತನಿಖೆ ವಿಶೇಷ ತಂಡದ ಕೈಗೆ ಬಂದದ್ದರಿಂದ. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ನಡುವೆ ಗೆರೆ ಎಳೆದು, ಕಣ್ಣಾರೆ ಕಂಡದ್ದನ್ನು ಒಂದು ಕಡೆ, ಕೇಳಿದ್ದನ್ನು ಇನ್ನೊಂದು ಕಡೆ ಬರೆಯಿರಿ. ನೀವು ಅನುಮಾನಿಸುವ ಮುಖಂಡರ ಹೆಸರು ಸದ್ಯ ಎರಡನೆಯ ಕಡೆಯಲ್ಲೇ ಇರಲಿ.

— ಮಾಜಿ ವರದಿಗಾರ, ಬಾಗಲಕೋಟೆ

ಅಣ್ಣಾವರೇ,

ನನ್ನ ತಮ್ಮ ಹೀಗೆಯೇ ಹೋದಾಗ, ನಮಗಾಗಿ ಹೋರಾಡುತ್ತೇವೆಂದು ಬಂದವರು ನಮ್ಮನ್ನು ಒಂದು ಮಾತೂ ಕೇಳದೆ ಅವನ ಫೋಟೊವನ್ನು ಬ್ಯಾನರಿಗೆ ಹಾಕಿದರು. ನಿಮ್ಮ ಪತ್ರದಲ್ಲಿ ಗೆಳೆಯರ ಹೆಂಡತಿ ಒಂದೇ ಕಡೆ ಬರುತ್ತಾರೆ. ವೈನಿಯವರ ಹತ್ತಿರ ಕೂತು, ಈ ಕೆಲಸ ಅವರಿಗೆ ಬೇಕೇ, ಎಲ್ಲಿಯವರೆಗೆ ಬೇಕು ಎಂದು ಕೇಳಿರಿ. ಬೇಡವೆಂದರೆ ಭಯಕ್ಕೆ ಅಂದರೋ ಮನಸ್ಸಿನಿಂದ ಅಂದರೋ ತಿಳಿಯಲು ಸಮಯ ಕೊಡಿರಿ. ಮತ್ತು ಮಾಹಿತಿ ಹಕ್ಕಿನ ಕಾಗದಗಳ ಗಂಟು ಇನ್ನೂ ಅವರ ಮನೆಯ ಟ್ರಂಕಿನಲ್ಲೇ ಇದೆ ಎಂದು ಬರೆದಿದ್ದೀರಿ. ಎರಡು ಚಿಕ್ಕ ಮಕ್ಕಳಿರುವ ಮನೆ ಅದು. ಎಲ್ಲಕ್ಕಿಂತ ಮೊದಲು ಆ ಗಂಟನ್ನು ಅಲ್ಲಿಂದ ತೆಗೆದು, ನಿಮ್ಮ ವಕೀಲರಲ್ಲಿಡಿರಿ.

— ಒಬ್ಬ ಅಕ್ಕ, ಇಂಡಿ