ಅಡುಗೆಮನೆಯ ಪ್ಲೈವುಡ್‌ಗೆ ಬೂಷ್ಟು, ಕುಟ್ಟೆ: ಹೊಸದು ಮಾಡಿಸೋ ಮುಂಚೆ ಏನು ನೋಡ್ಕೋಬೇಕು?

ಮಲೆನಾಡಿನ ಮನೆ. ಸಿಂಕ್ ಕೆಳಗಿನ ಪ್ಲೈ ಕಪ್ಪಾಗಿ ಲಡ್ಡಾಗಿದೆ. ಮೇಲಿನ ಕಪಾಟಿನಿಂದ ಮರದ ಹಿಟ್ಟು ಉದುರುತ್ತೆ. ತಗೊಳ್ಳುವಾಗ ವಾಟರ್‌ಪ್ರೂಫ್ ಅಂದಿದ್ರು. ತಿಳಿದವರು ಹೇಳಿ.

▪ ವಾಟರ್‌ಪ್ರೂಫ್ ಅನ್ನೋದು ಅಂಟಿನ ಗುಣ, ಮರದ್ದಲ್ಲ. ಐಎಸ್ 710 (ಮೆರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಪ್ಲೈ 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅಂತ ಪರೀಕ್ಷೆ ಇದೆ. ಹುಳಕ್ಕೆ ಅದರಿಂದ ಏನೂ ಆಗಲ್ಲ. ಔಷಧಿ ಉಪಚಾರ ಬೇರೆಯೇ. 710ರಲ್ಲಿ ಅದೂ ಸೇರಿದೆ, ಆದರೆ ಹಲಗೆ ಮೇಲೆ ಬರೀ '710' ಅಂತ ಅಚ್ಚು ಹೊಡೆದಿದ್ದರೆ ಸಾಲದು. ಐಎಸ್‌ಐ ಗುರುತಿನ ಸಿಎಂ/ಎಲ್ (ತಯಾರಕರ ಲೈಸೆನ್ಸ್) ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ.

▪ ನಿಮ್ಮದು ಎರಡು ಬೇರೆ ಬೇರೆ ತೊಂದರೆ. ಮೈದಾದಂಥ ನಯವಾದ ಪುಡಿ, 1–2 ಮಿ.ಮೀ. ತೂತು ಇದ್ದರೆ ಕುಟ್ಟೆ, ಅಂದರೆ ಮರ ಕೊರೆಯೋ ಹುಳ. ಇದಕ್ಕೆ ತೇವ ಬೇಕಿಲ್ಲ, ಮರದ ಪಿಷ್ಟ ಸಾಕು. ಲಡ್ಡಾಗೋದು ಶಿಲೀಂಧ್ರದಿಂದ, ಮರದ ತೇವ ಶೇ. 20ರ ಕೆಳಗಿದ್ದರೆ ಅದು ಬೆಳೆಯಲ್ಲ. ಹಾಗಾಗಿ ಸಿಂಕ್ ಪೈಪಿನ ಸೋರಿಕೆ ನಿಲ್ಲಿಸದೆ ಎಷ್ಟು ಔಷಧಿ ಬಳಿದರೂ ದಂಡ.

ಹೊಸ ಹಲಗೆಗೆ: 1 ಲೀಟರ್ ಬಿಸಿನೀರಿಗೆ 30 ಗ್ರಾಂ ಬೋರಾಕ್ಸ್, 20 ಗ್ರಾಂ ಬೋರಿಕ್ ಆಸಿಡ್. ಕೈಗವಸು ಹಾಕಿಕೊಂಡು, ಕೊಯ್ದು ತೂತು ಹೊಡೆದಾದ ಮೇಲೆ, ಲ್ಯಾಮಿನೇಟ್ ಅಂಟಿಸೋ ಮುಂಚೆ ಎರಡು ಮೂರು ಕೋಟ್ ಬಳಿಯಿರಿ. ಅಂಚುಗಳಿಗೆ ಧಾರಾಳವಾಗಿ, ಅಂಚೇ ಹೆಚ್ಚು ಹೀರೋದು, ಮುಖದಲ್ಲಿ ಮೇಲಿನ ಪದರ ದಾಟಲ್ಲ. ಪೂರ್ತಿ ಒಣಗಲಿ. ಹಸಿಯಲ್ಲೇ ಲ್ಯಾಮಿನೇಟ್ ಮುಚ್ಚಿದರೆ ಒಳಗೇ ಬೂಷ್ಟು ಕೂರುತ್ತೆ. ನೀರು ಬಿದ್ದರೆ ಬೋರಾನ್ (ಈ ಬೋರಾಕ್ಸ್-ಬೋರಿಕ್ ಔಷಧಿ) ತೊಳೆದುಹೋಗುತ್ತೆ, ಅದಕ್ಕೇ ಆಮೇಲೆ ಅಂಚಿಗೆ ಎರಡು ಕೋಟ್ ಪಿಯು (ಪಾಲಿಯುರೆಥೇನ್ ವಾರ್ನಿಶ್) ಬೇಕು. ಆಚಾರ್ರು ಸಾಮಾನ್ಯವಾಗಿ ಬಿಡೋದು ಸಿಂಕ್ ಪೈಪಿಗೆ ಕೊರೆದ ತೂತಿನ ಒಳಅಂಚು.

▪ ಮೇಲಿನವರ ಮಾತಿಗೊಂದು ಸೇರ್ಪಡೆ: ಬೋರಾನ್ ಬಳಿದ ಮೇಲೆ ಮುಳ್ಳಿನ ಮಾಯಿಶ್ಚರ್ ಮೀಟರ್ ನಂಬಬೇಡಿ. ಉಪ್ಪಿನಂಶದಿಂದ ರೀಡಿಂಗ್ ಜಾಸ್ತಿ ತೋರಿಸುತ್ತೆ. ಅಳೆಯೋದಿದ್ದರೆ ಮೊದಲೇ ಅಳೆಯಿರಿ.

▪ ಗೋಡೆ ಮೇಲೆ ಮಣ್ಣಿನ ಗೆರೆ ಇದೆಯಾ? ಇದ್ದರೆ ಒರಲೆ (ಗೆದ್ದಲು). ಒಂದು ಕಡೆ ಚೂರು ಒಡೆದು ಬಿಡಿ, ಮತ್ತೆ ಕಟ್ಟಿದರೆ ಇನ್ನೂ ಜೀವಂತ. ಆಗ ಹಲಗೆಗಲ್ಲ, ನೆಲಕ್ಕೆ ಮದ್ದು: ಗೋಡೆ-ನೆಲ ಸೇರುವಲ್ಲಿ 300 ಮಿ.ಮೀ.ಗೊಂದು 12 ಮಿ.ಮೀ. ತೂತು, ಲೀಟರ್ ನೀರಿಗೆ 2.1 ಮಿ.ಲೀ. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ, ತೂತಿಗೆ ಹೆಚ್ಚೆಂದರೆ 1 ಲೀಟರ್, ಆಮೇಲೆ ಸಿಮೆಂಟ್. ಬಾವಿ ಹತ್ತಿರವಿದ್ದರೆ ಇದನ್ನು ನೀವೇ ಮಾಡಲು ಹೋಗಬೇಡಿ, ಪರವಾನಗಿ ಇರೋರನ್ನೇ ಕರೆಸಿ.

▪ ಸಿಂಕ್ ಕೆಳಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ. ಅಲ್ಲಿಗೆ ಪಿವಿಸಿ ಬೋರ್ಡ್, 100 ಮಿ.ಮೀ. ಪಿವಿಸಿ ಕಾಲು, ಗೋಡೆಗೂ ಹಿಂದಿನ ಹಲಗೆಗೂ ಗಾಳಿಯಾಡುವಷ್ಟು ಸಂದು ಬಿಡಿ. ಕುಟ್ಟೆ ಹಿಡಿದ ಹಳೇ ಹಲಗೆಯನ್ನು ಅಟ್ಟಕ್ಕೆ ಹಾಕಬೇಡಿ, ಒಲೆಗೂ ಬೇಡ, ಅಂಟಿನ ಹೊಗೆ ಕೆಟ್ಟದ್ದು.